ಕುಂಕುಮ ಹಚ್ಚಿದ ರ‍್ಯಾಮ್

ಧನರಾಜ ಕಂಪ್ಯೂಟರ್ ಬಿಚ್ಚಿದ ಕೂಡಲೇ ಮೊದಲು ಅದನ್ನು ಮೂಸಿ ನೋಡುತ್ತಿದ್ದ. ಮೊಣಕಾಲೂರಿ ಕುಳಿತು, ಡಬ್ಬಿಯೊಳಗೆ ಮೂಗು ತೂರಿಸಿ, ಕಣ್ಣು ಮುಚ್ಚಿ ಜೋರಾಗಿ ಉಸಿರೆಳೆಯುತ್ತಿದ್ದ. "ಸುಟ್ಟ ವಾಸನಿ ಇಲ್ರೀ ಅಕ್ಕಾ. ಬರೇ ಧೂಳ ಅದ. ಫಿಕರ್ ಮಾಡಬ್ಯಾಡ್ರಿ" ಅನ್ನುತ್ತಿದ್ದ. ಆಮೇಲೆ ಮನೆ ನಡುಗುವಂತೆ ಸೀನುತ್ತಿದ್ದ. ನನ್ನ ಮಗಳು ಪೂಜಾ ಆ ಸೀನಿಗಾಗಿಯೇ ಕಾದು ನಿಂತಿರುತ್ತಿದ್ದಳು.

ಅವನು ಔರಾದ ಕಡೆಯ ಠಾಣಾ ಕುಶನೂರಿನವನು. ಬೀದರಿನ ಒಂದು ಅಂಗಡಿಯಲ್ಲಿ ಕೆಲಸ ಕಲಿತು, ಮುಂದೆ ಸ್ವಂತ ಗಾಡಿಯ ಮೇಲೆ ಬೀದರ, ಭಾಲ್ಕಿ, ಔರಾದ ತಿರುಗುತ್ತ ಮನೆಮನೆಯ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ಭಾಲ್ಕಿಗೆ ಬಂದನೆಂದರೆ ಊಟ ನಮ್ಮಲ್ಲೇ. ನಮ್ಮ ಅತ್ತೆ ಬಡಿದ ಜೋಳದ ರೊಟ್ಟಿ, ಪುಂಡಿಪಲ್ಯ ಅಂದರೆ ಅವನಿಗೆ ಜೀವ. "ಅವ್ವಾ, ಇಂಥಾ ರೊಟ್ಟಿಗಿ ಹೈದ್ರಾಬಾದಿನಾಗ ಲೈನ್ ಹಚ್ತಾರ್ರಿ" ಎಂದು ಹೊಗಳಿ ಇನ್ನೊಂದು ಹಾಕಿಸಿಕೊಳ್ಳುತ್ತಿದ್ದ. ನನಗೆ ಒಡಹುಟ್ಟಿದ ತಮ್ಮನಿಲ್ಲ. ನಾಗರ ಪಂಚಮಿಗೆ ಅವನು ಬಂದು ಉಂಡಿ ತಿಂದು ಹೋದರೇ ನನಗೆ ಹಬ್ಬ. ಇದನ್ನೆಲ್ಲ ಈಗ ಬರೆಯುವಾಗ ಮೈಯೆಲ್ಲ ಉರಿಯುತ್ತದೆ. ಆದರೂ ಇದ್ದದ್ದನ್ನು ಇಲ್ಲ ಅನ್ನಲಾರೆ, ಹುಡುಗನ ಮೇಲೆ ನನಗೆ ಪ್ರೀತಿ ಇತ್ತು.

ಆಗ ಒಂದರ ಹಿಂದೊಂದು ಮಳೆಗಾಲ ಕೈಕೊಟ್ಟಿತ್ತು. ಬಿತ್ತುವವರೇ ಇಲ್ಲದ ಮೇಲೆ ಬೀಜ ಕೊಳ್ಳುವವರು ಯಾರು? ನಮ್ಮವರು ತಮ್ಮ ಬೀಜ-ಗೊಬ್ಬರದ ಅಂಗಡಿ ಮುಚ್ಚಿ, ಹೈದರಾಬಾದಿನ ಒಂದು ಗೋದಾಮಿನಲ್ಲಿ ಕೆಲಸಕ್ಕೆ ನಿಂತರು. ನಮ್ಮ ಓಣಿಯಲ್ಲಿ ಎಷ್ಟೋ ಮನೆಗಳಿಗೆ ಕೀಲಿ ಬಿದ್ದಿತ್ತು. ನಮ್ಮ ಮನೆಗೆ ಬೀಳದಂತೆ ತಡೆದದ್ದು ಆ ಕಂಪ್ಯೂಟರ್. ಸುತ್ತಲಿನ ಖಾಸಗಿ ಶಾಲೆಗಳ ಪ್ರಶ್ನೆಪತ್ರಿಕೆಗಳನ್ನು ನಾನು ಮನೆಯಲ್ಲೇ ಟೈಪ್ ಮಾಡಿ ಕೊಡುತ್ತಿದ್ದೆ. ಆ ಕೆಲಸ ಇರುವ ತನಕ ಅತ್ತೆ, ಪೂಜಾ, ನಾನು ಭಾಲ್ಕಿಯಲ್ಲೇ ಇರಬಹುದಿತ್ತು. ಅದು ಹೋದರೆ ನಾವೂ ಗಂಟುಮೂಟೆ ಕಟ್ಟಬೇಕು. ಇದು ಧನರಾಜನಿಗೆ ಚೆನ್ನಾಗಿ ಗೊತ್ತಿತ್ತು.

ಗೊತ್ತಿದ್ದೇ ಒಂದು ದಸರೆಗೆ ಅವನು ನನಗಾಗಿ ಹೈದರಾಬಾದಿನಿಂದ ದೊಡ್ಡ ರ‍್ಯಾಮ್ ತಂದು ಹಾಕಿಕೊಟ್ಟ. ರ‍್ಯಾಮ್ ಅಂದರೆ ಬಾಚಣಿಕೆಯಷ್ಟು ಉದ್ದದ ಹಸಿರು ಪಟ್ಟಿ. "ಇದು ದೊಡ್ಡದಿದ್ರ ಮಷೀನ್ ಓಡ್ತದ್ರಿ, ಸಣ್ಣದಿದ್ರ ತೆವಳ್ತದ" ಎಂದು ತಿಳಿಸಿ ಹೇಳಿದ. ಅಷ್ಟರಲ್ಲಿ ಅತ್ತೆ ಪೂಜೆಯ ತಟ್ಟೆ ಹಿಡಿದು ಬಂದು, ಹಸಿ ಕುಂಕುಮದ ಬೆರಳನ್ನು ಆ ಪಟ್ಟಿಗೆ ಒತ್ತೇಬಿಟ್ಟರು.

"ಅಯ್ಯಯ್ಯ ಅವ್ವಾ! ಶಾರ್ಟ್ ಆಗ್ತದ್ರಿ ಅದು!"

"ದೇವರ ಕುಂಕುಮಕ್ಕ ಏನೂ ಆಗಂಗಿಲ್ಲ. ಸುಮ್ಮ ಹಾಕೋ."

ಪುಣ್ಯಕ್ಕೆ ಕುಂಕುಮ ಬಿದ್ದದ್ದು ಪಟ್ಟಿಗೆ ಅಂಟಿಸಿದ್ದ ಬಿಳಿ ಚೀಟಿಯ ಮೇಲೆ. ಅದನ್ನು ಫ್ಯಾನಿನ ಗಾಳಿಗೆ ಹಿಡಿದು ಒಣಗಿಸಿ ಹಾಕಿದ. ಕಂಪ್ಯೂಟರ್ ನಿಜಕ್ಕೂ ಓಡಿತು.

ಶಿವರಾತ್ರಿ ಕಳೆದು ಬಿಸಿಲು ಏರಿತ್ತು, ವಾರ್ಷಿಕ ಪರೀಕ್ಷೆಗಳು ಹತ್ತಿರ ಬಂದಿದ್ದವು. ಧನರಾಜ ಬಂದು ಧೂಳು ಹೊಡೆದು ಹೋದ. ಮರುದಿನದಿಂದಲೇ ಕಂಪ್ಯೂಟರ್ ಇದ್ದಕ್ಕಿದ್ದಂತೆ ತೆವಳತೊಡಗಿತು. ಒಂದು ಅಕ್ಷರ ಒತ್ತಿದರೆ ಅದು ತೆರೆಯ ಮೇಲೆ ಮೂಡುವಷ್ಟರಲ್ಲಿ ಮುಂದಿನ ಸಾಲೇ ಮರೆತುಹೋಗುತ್ತಿತ್ತು. ಒಂದು ಪುಟ ತೆರೆಯಲು ಬಿಟ್ಟು ಅಡುಗೆಮನೆಗೆ ಹೋಗಿ ಒಗ್ಗರಣೆ ಹಾಕಿ ಬಂದರೂ ಅದು ತಿರುಗುತ್ತಲೇ ಇರುತ್ತಿತ್ತು.

ಫೋನ್ ಮಾಡಿದೆ. ಪಾಪದ ಮುಖ ಹೊತ್ತು ಬಂದ, ಮೂಸಿದ, ಸೀನಿದ. "ವೈರಸ್ ರೀ ಅಕ್ಕಾ. ಮಾಸ್ತರಗೋಳ ಪೆನ್‌ಡ್ರೈವ್‌ನಾಗ ಇರಬಾರದ ರೋಗ ಎಲ್ಲಾ ಇರ್ತಾವ." ಅದನ್ನು ತೆಗೆಯುವ ಸಾಫ್ಟ್‌ವೇರ್ ಹಾಕಿ ಹೋದ. ಏನೂ ಆಗಲಿಲ್ಲ. ಮತ್ತೆ ಕರೆದೆ. "ಈ ಬಿಸಲಿಗಿ ಮನಷ್ಯಾರೇ ಸುಸ್ತ್ ಆಗ್ಲತಾರ, ಮಷೀನ್ ಏನ್ ಮಾಡ್ತದ್ರಿ ಪಾಪ?" ಎಂದ. ಅತ್ತೆಗೆ ಇದ್ದ ಒಂದೇ ಟೇಬಲ್ ಫ್ಯಾನನ್ನು ಕಂಪ್ಯೂಟರಿಗೆ ತಿರುಗಿಸಿದೆವು. ಅತ್ತೆ ಬೀಸಣಿಗೆ ಹಿಡಿದು ಕುಳಿತರು.

ಕೊನೆಗೆ ಅವನು, "ಇದ್ರ ಹೊಟ್ಟಿ ತುಂಬ್ಯಾದ್ರಿ. ಫೋಟೋ, ವಿಡಿಯೋ ಎಲ್ಲಾ ತಗದು ಖಾಲಿ ಮಾಡ್ರಿ" ಅಂದ. ಮಗ್ಗುಲಲ್ಲಿ ಕುಳಿತು ನನ್ನ ಕೈಯಿಂದಲೇ ಒಂದೊಂದೇ ತೆಗೆಸಿದ. ಪೂಜಾ ಮೊದಲ ಸಲ ಎದ್ದು ನಡೆದ ವಿಡಿಯೋ ಬಂತು. ಅದರಲ್ಲಿ ಅವಳಪ್ಪ ಚಪ್ಪಾಳೆ ತಟ್ಟಿ ಕರೆಯುತ್ತಾರೆ, ಅವಳು ಬಿದ್ದು, ಎದ್ದು, ಮತ್ತೆ ಹೆಜ್ಜೆ ಇಡುತ್ತಾಳೆ. ನನ್ನ ಕೈ ನಿಂತಿತು.

"ಇದೂ ತಗೀಲೇನೋ?"

"ತಗೀರಿ ಅಕ್ಕಾ. ಕೂಸು ಕಣ್ಣ ಮುಂದೇ ಅದಲ್ರಿ, ವಿಡಿಯೋ ಯಾಕ?"

ತೆಗೆದೆ. ಅವನ ಮೇಲಿನ ನಂಬಿಕೆಯಿಂದ ತೆಗೆದೆ. ಕಂಪ್ಯೂಟರ್ ಮಾತ್ರ ಹಾಗೇ ತೆವಳುತ್ತಿತ್ತು.

ಪ್ರಶ್ನೆಪತ್ರಿಕೆಗಳು ತಡವಾದವು. ಹೆಡ್‌ಮಾಸ್ತರರು ಎಷ್ಟು ಅಂತ ಕಾಯುತ್ತಾರೆ? "ತಪ್ಪು ತಿಳೀಬ್ಯಾಡ್ರಿ ತಂಗಿ" ಎಂದು ಕೆಲಸವನ್ನೆಲ್ಲ ಬಸ್‌ಸ್ಟ್ಯಾಂಡ್ ಹತ್ತಿರದ ಹೊಸ ಟೈಪಿಂಗ್ ಸೆಂಟರಿಗೆ ಒಯ್ದು ಕೊಟ್ಟರು. ನಾನು ನಾಚಿಕೆ ಬಿಟ್ಟು ಆ ಸೆಂಟರಿಗೇ ಹೋದೆ, ಅಲ್ಲಿಯೇ ಕುಳಿತು ಟೈಪ್ ಮಾಡುವ ಕೆಲಸವಾದರೂ ಸಿಕ್ಕೀತೇನೋ ಅಂತ. ಸೆಕೆಗೆ ಅವರು ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ, ಎದುರಿಗೆ ಫ್ಯಾನ್ ಹಚ್ಚಿಟ್ಟಿದ್ದರು. ಬಗ್ಗಿ ನೋಡಿದೆ. ಹಸಿರು ಪಟ್ಟಿ, ಅದರ ಬಿಳಿ ಚೀಟಿಯ ಮೇಲೆ ನಮ್ಮ ಅತ್ತೆಯ ಬೆರಳಿನ ಕೆಂಪು ಗುರುತು.

"ಮನ್ನೆ ಧನರಾಜ ಹಾಕಿಕೊಟ್ಟಾನ್ರಿ. ಹ್ಯಾಂಗ ಓಡ್ತದ ನೋಡ್ರಿ!" ಎಂದರು ಸೆಂಟರಿನವರು.

"ಅದು ನಂದು" ಅಂದೆ.

"ಹುಚ್ಚೇನ್ರಿ ನಿಮಗ? ರೊಕ್ಕ ಕೊಟ್ಟು ತಗೊಂಡೇನಿ."

ನಡುಬೀದಿಯಲ್ಲೇ ನಿಂತು ಅವನಿಗೆ ಫೋನ್ ಹಚ್ಚಿದೆ. ನನ್ನ ಮೊದಲ ಬೈಗುಳ ಮುಗಿಯುವ ಮೊದಲೇ, "ಹಲೋ? ಹಲೋ? ಆವಾಜ್ ಬರವಲ್ದ್ರಿ ಅಕ್ಕಾ, ಔರಾದದಾಗ ಇದ್ದೇನ್ರಿ" ಎಂದು ಇಟ್ಟುಬಿಟ್ಟ. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಕಳ್ಳ! ನಮ್ಮ ರೊಟ್ಟಿ ತಿಂದು ನಮ್ಮ ಬುಡಕ್ಕೇ ಕೊಡಲಿ ಹಾಕಿದ್ದ. ಅತ್ತೆ ನಂಬಲೇ ಇಲ್ಲ. "ಹುಡುಗ ಹಂಗ ಮಾಡಾಂವ ಅಲ್ಲ. ಊರಾಗ ನಮ್ಮೊಬ್ಬರ ಮನ್ಯಾಗೇ ಕುಂಕುಮ ಅದ ಏನು?" ಎಂದು ನನ್ನ ಮೇಲೇ ಹರಿಹಾಯ್ದರು.

ಪೂಜಾಳ ಪರೀಕ್ಷೆ ಮುಗಿದ ಮೇಲೆ ನಾವೂ ಮನೆಗೆ ಕೀಲಿ ಹಾಕಿದೆವು. ಸಾಮಾನು ಹೊರಲು ಯಾರೂ ಇಲ್ಲವೆಂದು ಅತ್ತೆ ನನಗೆ ಹೇಳದೆ ಅವನಿಗೇ ಫೋನ್ ಮಾಡಿದ್ದರು. ಅವರ ದನಿಗೆ ಅವನು ಬಂದ. ಭಾಲ್ಕಿ ಸ್ಟೇಷನ್ನಿನಲ್ಲಿ ಕಂಪ್ಯೂಟರಿನ ಡಬ್ಬಿ ಹೆಗಲ ಮೇಲಿಟ್ಟುಕೊಂಡು, ತಲೆ ತಗ್ಗಿಸಿ ನಿಂತಿದ್ದ.

"ಅದನ್ನ ನೀ ತಗದಿಲ್ಲಂತ ನಿಮ್ಮವ್ವನ ಮ್ಯಾಲ ಆಣಿ ಮಾಡು" ಅಂದೆ.

ಅವನು ಆಣೆ ಮಾಡಲಿಲ್ಲ. "ಹಳೇ ಸಣ್ಣದು ಹಾಕಿ ಅದನ್ನ ತಗದೀನ್ರಿ. ಸೆಂಟರ್‌ನವ್ರು ಅವತ್ತೇ ಬೇಕಂದ್ರು. ನಿಮಗ ವಾರದಾಗ ಬ್ಯಾರೆ ತಂದು ಹಾಕ್ತೇನಿ ಅನಕೊಂಡಿದ್ದೆ. ಆಗ್ಲಿಲ್ಲ."

"ಬೀದರ ತನಕ ಅಷ್ಟು ಮನಿ ಇದ್ವು. ನಂದೇ ಯಾಕೋ?"

ಆಗ ಅವನು ಮುಖ ಎತ್ತಿ ನನ್ನನ್ನು ನೋಡಿದ. "ಬ್ಯಾರೆಯವ್ರ ಮನ್ಯಾಗ ಮಷೀನ್ ಬಿಚ್ಚಿದ್ರ ಮಗ್ಗಲಾಗೇ ಕುಂತು ನೋಡ್ತಾರ್ರಿ. ನೀವು ನೀರಿನ ಟ್ಯಾಂಕರ್ ಬಂತಂದ್ರ ಮನಿ ನನ್ನ ಮ್ಯಾಲ ಬಿಟ್ಟು ಕೊಡ ತಗೊಂಡು ಓಡ್ತಿದ್ರಿ. ಸರಳ ಇತ್ರಿ ಅಕ್ಕಾ."

ಅತ್ತೆ ಎಲ್ಲ ಕೇಳಿಸಿಕೊಂಡು ಪೂಜಾಳ ಕೈ ಹಿಡಿದು ಆಚೆ ತಿರುಗಿ ನಿಂತರು. ರೈಲು ಬಂತು.

"ಇನ್ನ ಮ್ಯಾಲ ನನಗ ಅಕ್ಕಾ ಅನಬ್ಯಾಡ" ಅಂದೆ.

ಅವನು ಡಬ್ಬಿಯನ್ನು ನಮ್ಮ ಸೀಟಿನ ಕೆಳಗೆ ಜೋಪಾನವಾಗಿ ಇಟ್ಟು, ಕೆಳಗಿಳಿದು ಕಿಟಕಿಯ ಹತ್ತಿರ ಬಂದ. "ಆಯ್ತ್ರಿ ಮೇಡಮ್" ಅಂದ. ಮನೆಗೆ ಕೀಲಿ ಹಾಕುವಾಗಲೂ ಬರದಿದ್ದ ಅಳು ನನಗೆ ಆ ಮಾತಿಗೆ ಬಂತು.