ತೊರ್ಗೇರನ ಹುದುಗು

ವೊಸ್ ಕಣಿವೆಯ ತೊರ್ಗೇರನ ಮನೆಯಲ್ಲಿ ಬಿಯರಿಗೆ ಹಾಕುವ ಯೀಸ್ಟು, ಅಂದರೆ ಹುದುಗು, ಅಜ್ಜನ ಕಾಲದಿಂದ ಒಂದೇ. ಪ್ರತಿ ಸಲ ಬಿಯರ್ ಇಳಿಸಿದ ಮೇಲೆ ಬಾನಿಯ ತಳದಿಂದ ತೆಗೆದು, ಒಣಗಿಸಿ ಎತ್ತಿಡುತ್ತಿದ್ದರು. ಬಾರ್ಲಿಯ ರಸ ಆಗಷ್ಟೇ ಕರೆದ ಹಾಲಿನಷ್ಟು ಬೆಚ್ಚಗಾದಾಗ ಅದನ್ನು ಬೆರೆಸಬೇಕು. ಹೆಚ್ಚು ಆರಿದರೆ ಹುದುಗು ಮಂಕಾಗುತ್ತದೆ, ಸುಡುವಂತಿದ್ದರೆ ಸಾಯುತ್ತದೆ. ಆ ಹದವನ್ನು ತೊರ್ಗೇರ್ ಬಲಗೈ ಅದ್ದಿ ನೋಡುತ್ತಿದ್ದ. ನೀರು ಹೊರುವುದು, ಬಾನಿ ತಿಕ್ಕುವುದು, ಕೊನೆಗೆ ಕಂಬಳಿ ಹೊದಿಸುವುದು ಹೆಂಡತಿ ಸಿನ್ನೋವೆಯ ಕೆಲಸ.

ಲಕ್ವ ಹೊಡೆದ ಮೇಲೆ ಅವನಿಗೆ ನಡಿಗೆ ಮರಳಿತು, ಮಾತು ಮರಳಿತು. ಬಲಗೈಗೆ ಮಾತ್ರ ಬಿಸಿ ತಂಪು ತಿಳಿಯದಾಯಿತು. ಒಲೆಯ ಮೇಲಿನ ಕಾಫಿ ಪಾತ್ರೆಯನ್ನು ಬರಿಗೈಲಿ ಹಿಡಿದು ಬೊಬ್ಬೆ ಎದ್ದಾಗ ಬಟ್ಟೆ ಕಟ್ಟಿದವಳು ಸಿನ್ನೋವೆಯೇ. ಕೈಗೆ ಬಿಸಿ ತಿಳಿಯದೆಂದು ಅವನು ಮಾತ್ರ ಒಪ್ಪಲಿಲ್ಲ.

ಆ ಡಿಸೆಂಬರಿನಲ್ಲಿ, ಇನ್ನೂ ಹಬೆಯಾಡುತ್ತಿದ್ದ ಬಾನಿಗೆ ಕೈ ಅದ್ದಿ, "ಹದ ಬಂತು" ಅಂದ.

"ಸುಡ್ತಾ ಇದೆ ಮಾರಾಯ. ಸ್ವಲ್ಪ ಆರಲಿ. ಬೇಕಾದ್ರೆ ಪಕ್ಕದ್ಮನೆ ಹಲ್‌ಡಿಸ್ ಹತ್ರ ಥರ್ಮಾಮೀಟರ್ ಇದೆ, ತರ್ತೀನಿ."

"ಅದೆಲ್ಲ ಜ್ವರ ಬಂದೋರಿಗೆ. ನಂಗೆ ಹೇಳ್ಕೊಡೋಕೆ ಬರಬೇಡ."

ಇದ್ದ ಹುದುಗನ್ನೆಲ್ಲ ಸುರಿದ. ಅದು ಎಚ್ಚರಗೊಳ್ಳಲೆಂದು, ಹಿರಿಯರ ವಾಡಿಕೆಯಂತೆ, ಬಾನಿಯ ಮೇಲೆ ಬಗ್ಗಿ ಗಟ್ಟಿಯಾಗಿ ಕೂಗು ಹಾಕಿದ.

ಬೆಳಗ್ಗೆ ಕಂಬಳಿ ಸರಿಸಿದರೆ ನೊರೆಯಿಲ್ಲ. ಮರುದಿನವೂ ಇಲ್ಲ. ಆಮೇಲೆ ಹುಳಿ ನಾತ ಬಂತು.

"ಬಾನಿ ಸರಿಯಾಗಿ ತೊಳ್ದಿಲ್ಲ ನೀನು" ಎಂದ. ಭಾನುವಾರ ಚರ್ಚಿನ ಮುಂದೆಯೂ ಅದನ್ನೇ ನಾಲ್ಕು ಜನಕ್ಕೆ ಕೇಳುವಂತೆ ಹೇಳಿದ. ಹೆಂಗಸರು ಸಿನ್ನೋವೆಯನ್ನು ನೋಡಿ ಮುಖ ತಿರುಗಿಸಿದರು. ನಿಜ ಹೇಳಿದರೆ ಗಂಡನ ಕೈ ಸತ್ತಿದೆಯೆಂದು ಊರಿಗೆ ಡಂಗುರ ಸಾರಿದಂತೆ. ಅವಳು ಮನೆಯ ದಾರಿ ಹಿಡಿದಳು.

ಹಿಂದೊಮ್ಮೆ ನೆರೆಮನೆಯ ಹಲ್‌ಡಿಸ್‌ಗೆ ಅವಳು ಒಂದು ಹಿಡಿ ಹುದುಗು ಕೊಟ್ಟಿದ್ದಳು. ಅದು ಅಲ್ಲಿ ಬದುಕಿತ್ತು. ಹೋಗಿ ಕೇಳಿದಳು.

"ನಿಮ್ಮದೇ ಅಲ್ವಾ, ತಗೊಂಡ್ಹೋಗು," ಅಂದಳು ಹಲ್‌ಡಿಸ್. "ಆದ್ರೆ ಇನ್ನೂ ಎಷ್ಟು ದಿನ ಅವನ ತಪ್ಪು ನಿನ್ನ ತಲೆ ಮೇಲೆ ಹೊರ್ತೀಯೇ?"

ಸಿನ್ನೋವೆ ಥರ್ಮಾಮೀಟರನ್ನೂ ಕೇಳಿ ತಂದಳು. ತೊರ್ಗೇರ್ ತಪಾಸಣೆಗೆಂದು ಎರಡು ದಿನ ಆಸ್ಪತ್ರೆಯಲ್ಲಿದ್ದಾಗ ಒಬ್ಬಳೇ ಬಾರ್ಲಿ ಬಿಸಿಮಾಡಿ, ರಸ ತೆಗೆದು, ಅದು ಹದಕ್ಕಿಳಿಯುವವರೆಗೂ ಬಾನಿಯ ಪಕ್ಕದಿಂದ ಏಳಲಿಲ್ಲ. ಬೆರೆಸಿ, ಬೆಚ್ಚಗೆ ಹೊದಿಸಿದಳು. ಕೂಗು ಹಾಕಲಿಲ್ಲ. ಅವನು ಮನೆಗೆ ಬರುವಷ್ಟರಲ್ಲಿ ನೊರೆ ಅಂಚು ಮುಟ್ಟಿತ್ತು. ಅವನು ಕಂಬಳಿ ಸರಿಸಿ ನೋಡಿ, ಮತ್ತೆ ಮುಚ್ಚಿದ.

ಕ್ರಿಸ್‌ಮಸ್ಸಿಗೆ ಬಂದವರು ಹಳೇ ರುಚಿಯೆಂದು ಹೊಗಳಿದರು.

"ನಮ್ಮಜ್ಜನ ಹುದುಗು ಅಷ್ಟು ಸುಲಭಕ್ಕೆ ಸಾಯತ್ತಾ?" ಎಂದ ತೊರ್ಗೇರ್. "ಈ ಸಲ ಬಾನಿ ನಾನೇ ತೊಳೆದೆ."

ಹೆಂಡತಿಯ ಕಡೆ ನೋಡಲಿಲ್ಲ.

ಅಲ್ಲಿಂದ ಪ್ರತಿ ವರ್ಷವೂ ಅವಳು ಬಿಯರ್ ಮಾಡಿದಳು, ಅವನು ಕುರ್ಚಿಯಲ್ಲಿ ಕೂತು ಹೊಗಳಿಕೆ ತೆಗೆದುಕೊಂಡ. ಅವನು ಸತ್ತಾಗ ಮಣ್ಣಿಗೆ ಬಂದವರಿಗೆ ಕೊಡುವ ಬಿಯರನ್ನೂ ಅವಳೇ ಮಾಡಿದಳು. ಮಣ್ಣು ಮಾಡಿ ಬಂದವರು ತೊರ್ಗೇರನ ಕೈಗುಣ ನೆನೆದು ಕುಡಿದರು. ಅವನ ತಮ್ಮನ ಮಗ ಅಡುಗೆಮನೆಗೆ ಬಂದ.

"ದೊಡ್ಡಮ್ಮ, ಈ ಹುದುಗು ನಾನು ಒಯ್ತೀನಿ. ದೊಡ್ಡಪ್ಪ ಕಾಪಾಡಿದ್ದು, ನಿಮ್ಮ ಕೈಲಿ ಹಾಳಾಗೋದು ಬೇಡ."

ಸಿನ್ನೋವೆ ತನಗೊಂದು ಚೂರೂ ಉಳಿಸಿಕೊಳ್ಳದೆ ಪೊಟ್ಟಣ ಕಟ್ಟಿ ಕೊಟ್ಟಳು. ಎಷ್ಟು ಬಿಸಿಯಿದ್ದಾಗ ಬೆರೆಸಬೇಕೆಂದು ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ.