ನಾಯಿಗಿಂತ ಮೊದಲು ಮಾವನ ಕೊರಳಿಗೆ

ರಿಪೇರಿಗೆ ಬಂದ ಯಾವ ವಸ್ತುವನ್ನೂ ನನ್ನ ಮಾವ ತಾವು ಬಳಸಿ ನೋಡದೆ ಗಿರಾಕಿಯ ಕೈಗೆ ಕೊಟ್ಟವರಲ್ಲ. ನಮ್ಮ ಕಟ್ಟಡದ ಹಿಂದಿನ ಬೀದಿಯಲ್ಲಿ ಅವರದೊಂದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪು, ಫ್ಯಾನು, ಮಿಕ್ಸಿಗಳ ಹೊಟ್ಟೆ ಬಗೆದು, ಹಳೆಯ ತಾಮ್ರದ ತಂತಿ ಕಿತ್ತು ಹೊಸದನ್ನು ಸುತ್ತುವುದು ಕೆಲಸ. ಇಸ್ತ್ರಿಪೆಟ್ಟಿಗೆ ಬಂದರೆ ತಮ್ಮ ಅಂಗಿಯನ್ನೇ ಬಿಚ್ಚಿ ಉಜ್ಜಿ ನೋಡುತ್ತಾರೆ. ಕೂದಲು ಒಣಗಿಸುವ ಯಂತ್ರ ಬಂದಾಗ ಬೋಳುತಲೆಯನ್ನು ಒದ್ದೆ ಮಾಡಿಕೊಂಡು ಕೂತಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಒಮ್ಮೆ ಯಾರೋ ಕಾಲು ಒತ್ತುವ ಯಂತ್ರ ತಂದುಕೊಟ್ಟಿದ್ದರು. ಅದು ಸರಿಹೋಗಿದೆಯೆಂದು ಖಾತ್ರಿಯಾಗಲು ಮಾವನಿಗೆ ಹನ್ನೊಂದು ದಿನ ಬೇಕಾಯಿತು.

"ನನ್ನ ಮೈ ಒಪ್ಪದ್ದನ್ನ ಇನ್ನೊಬ್ಬರ ಮೈಗೆ ಹೇಗಮ್ಮ ಕೊಡ್ಲಿ?" ಎನ್ನುತ್ತಾರೆ. ಅಂಗಿಯ ಜೇಬಿನಲ್ಲಿ ಪೆನ್ನಿರಬೇಕಾದ ಜಾಗದಲ್ಲಿ ಸದಾ ಟೆಸ್ಟರ್. ಅದಕ್ಕೇ ಬೀದಿಗೆಲ್ಲ ಅವರು ಟೆಸ್ಟರ್ ತಾತ. ನಲವತ್ತು ವರ್ಷ ಮೋಟಾರಿನ ಸದ್ದಿನ ಮೇಲೆ ಸದ್ದು ಮಾಡಿ ಮಾತಾಡಿದ ಗಂಟಲು ಅದು, ಗುಟ್ಟು ಹೇಳುವುದು ಅದಕ್ಕೆ ಬರುವುದಿಲ್ಲ. ಅವರು ಅತ್ತೆಯ ಕಿವಿಯಲ್ಲಿ ಪಿಸುಗುಟ್ಟಿದರೆ ಎದುರುಮನೆಯವರು ಉತ್ತರ ಕೊಡುತ್ತಾರೆ.

ಆ ಅಂಗಡಿಯಲ್ಲಿ, ಖಾಲಿ ಪಂಪಿನ ಡಬ್ಬದೊಳಗೆ ಸಿಕ್ಕಿದ್ದು ನಮ್ಮ ನಾಯಿ. ಮರಿಯಾಗಿದ್ದಾಗಲೇ ಬೋಲ್ಟಿನ ವಾಷರ್ ಒಂದನ್ನು ನುಂಗಿತ್ತು. ಎರಡು ದಿನ ಮಾವ ಬೇರೆ ಕೆಲಸ ಬಿಟ್ಟು ಅದರ ಬಾಲದ ಹಿಂದೆಯೇ ಸುತ್ತಿದರು. ವಾಷರ್ ಹೊರಗೆ ಬಂದ ಮೇಲೆ ತೊಳೆದು ಮತ್ತೆ ಡಬ್ಬಿಗೆ ಹಾಕಿದರೆಂದು ಅತ್ತೆ ಹೇಳುತ್ತಾರೆ, ಮಾವ ಅಲ್ಲಗಳೆಯುವುದಿಲ್ಲ. ನಾಯಿಯ ಹೆಸರೂ ವಾಷರ್ ಎಂದೇ ಉಳಿಯಿತು. ಅದಿಲ್ಲದೆ ಮಾವ ಒಂದು ದಿನವೂ ಅಂಗಡಿಯ ಬೀಗ ತೆಗೆದವರಲ್ಲ. ಅತ್ತೆ ತಿಂಗಳುಗಟ್ಟಲೆ ತಂಗಿಯ ಮನೆಗೆ ಹೋದಾಗಲೂ ತೆಗೆದಿದ್ದಾರೆ, ಅದನ್ನು ಅತ್ತೆ ಮರೆತಿಲ್ಲ.

ತೊಂದರೆಯೆಲ್ಲ ಮಧ್ಯಾಹ್ನದ್ದು. ಒಂದು ಗಂಟೆಗೆ ಇಬ್ಬರೂ ಅಂಗಡಿಯಿಂದ ಮನೆಗೆ ಬರುತ್ತಾರೆ. ಮಾವ ಊಟ ಮಾಡಿ ಒರಗುತ್ತಾರೆ, ವಾಷರ್ ನನ್ನ ಎರಡು ವರ್ಷದ ಮಗಳ ಹಾಸಿಗೆಯ ಬದಿಯಲ್ಲಿ ಮಲಗುತ್ತದೆ. ನಮ್ಮದು ಮೂರನೆಯ ಮಹಡಿ, ಲಿಫ್ಟಿಲ್ಲ. ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ವಾಷರ್ ಬೊಗಳುತ್ತದೆ. ಬೊಗಳಿದರೆ ಪುಟ್ಟಿ ಏಳುತ್ತಾಳೆ. ಪುಟ್ಟಿ ಎದ್ದರೆ ನನ್ನ ಮಧ್ಯಾಹ್ನ ಮುಗಿಯಿತು. ಕೆಳಮನೆಯಾಕೆ ಮನೆಯಿಂದಲೇ ಯಾವುದೋ ಕಂಪನಿಯ ಗಿರಾಕಿಗಳಿಗೆ ಫೋನಿನಲ್ಲಿ ಉತ್ತರ ಹೇಳುವವಳು. ಒಬ್ಬ ಗಿರಾಕಿ ಆಕೆಯನ್ನು, "ಇದು ನಾಯಿ ಆಸ್ಪತ್ರೆನಾ ಮೇಡಂ?" ಎಂದು ಕೇಳಿದನಂತೆ. ಅಂದೇ ಸಂಜೆ ಆಕೆ ದೂರು ಬರೆದುಕೊಟ್ಟಳು.

ದೂರು ಹಿಡಿದು ಕಟ್ಟಡದ ಸಂಘದ ಸೆಕ್ರೆಟರಿ ಬಂದರು. ನಮ್ಮ ಮೇಲಿನ ಮಹಡಿಯವರು, ಮಾವನ ವಯಸ್ಸಿನವರೇ. ಮಾತಾಡುವಾಗ ಒಂದು ಬೆರಳು ಎತ್ತಿಕೊಂಡೇ ಇರುತ್ತಾರೆ.

"ಯಜಮಾನ್ರೇ, ಹದಿನೈದು ದಿನ ಟೈಮ್ ಕೊಡ್ತೀನಿ. ಆಮೇಲೆ ನಾನೇ ಬಂದು ನೋಡ್ತೀನಿ. ನಿಲ್ಲಲಿಲ್ಲ ಅಂದ್ರೆ ನಾಯಿನ ಬೇರೆ ಕಡೆ ಸಾಗಿಸ್ಬೇಕು. ಮೀಟಿಂಗಲ್ಲಿ ಎಲ್ಲಾ ಸೈನ್ ಹಾಕಿದ್ದಾರೆ."

"ಬೇರೆ ಕಡೆ ಅಂದ್ರೆ?" ಎಂದರು ಮಾವ. ಆ ಒಂದು ಮಾತನ್ನು ಮಾತ್ರ ಅವರು ಮೆಲ್ಲಗೆ ಆಡಿದ್ದು ನನಗೆ ನೆನಪಿದೆ.

ಸೆಕ್ರೆಟರಿ ಬರಿಗೈಯಲ್ಲಿ ಬಂದಿರಲಿಲ್ಲ. ಚೀಲದಿಂದ ಒಂದು ಕಪ್ಪು ಬೆಲ್ಟು ತೆಗೆದರು. ಅದಕ್ಕೆ ಬೆಂಕಿಪೊಟ್ಟಣದಷ್ಟು ಡಬ್ಬಿ, ಡಬ್ಬಿಗೆ ಎರಡು ಲೋಹದ ಮೊಳೆ. ನಾಯಿಯ ಕೊರಳಿಗೆ ಕಟ್ಟಬೇಕು. ಬೊಗಳಿದಾಗ ಗಂಟಲು ಅದುರುತ್ತದೆ, ಅದುರಿದರೆ ಮೊಳೆಗಳು ಶಾಕ್ ಕೊಡುತ್ತವೆ. "ನನ್ನ ನಾಯಿಗೆ ಎರಡು ವರ್ಷದಿಂದ ಇದೇ. ಈಗ ಬೇರೆ ಹೊಸದು ತಂದಿದ್ದೀನಿ, ಇದು ಹಳೇದು, ಇಟ್ಕೊಳ್ಳಿ. ಸುಮ್ನೆ ಚುರ್ ಅನ್ನುತ್ತೆ, ಅಷ್ಟೇ. ಸೊಳ್ಳೆ ಕಡಿದಂಗೆ."

ರಾತ್ರಿ ಊಟಕ್ಕೆ ಮನೆಯಲ್ಲಿ ಎರಡು ಪಕ್ಷವಾಯಿತು. ಅತ್ತೆ ಬೇಡವೆಂದರು. ನನ್ನ ಗಂಡ, "ಹಾಕಿ ನೋಡೋಣ" ಎಂದು ತಟ್ಟೆ ತೊಳೆಯಲು ಎದ್ದರು. ನಾನು ಸುಳ್ಳು ಬರೆಯುವುದಿಲ್ಲ, ನಾನು ಬೆಲ್ಟಿನ ಪಕ್ಷ. ಮಗುವನ್ನು ಮಲಗಿಸಲು ಮುಕ್ಕಾಲು ಗಂಟೆ ತಟ್ಟಿದ ಕೈ ಇದು. ಸೊಳ್ಳೆ ಕಡಿದಷ್ಟು ನೋವಿಗೆ ನಾಯಿ ನಮ್ಮ ಜೊತೆಗೇ ಉಳಿಯುವುದಾದರೆ ಕಡಿಯಲಿ ಬಿಡಿ ಎಂದೆ. ಮಾವ ಬೆಲ್ಟನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ರಿಪೇರಿಗೆ ಬಂದ ಸಾಮಾನನ್ನು ನೋಡುವಂತೆಯೇ ನೋಡುತ್ತಿದ್ದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮಾರನೆಯ ದಿನ ಅಂಗಡಿಗೆ ರಜೆ. ಬೆಳಿಗ್ಗೆ ಡಬ್ಬಿಯನ್ನು ಬಿಚ್ಚಿ, ಒಳಗೆಲ್ಲ ನೋಡಿ, ಮೀಟರು ಹಿಡಿದು ಮತ್ತೆ ಮುಚ್ಚಿದರು. ಅದರಲ್ಲಿ ಶಾಕಿಗೆ ಮೂರು ಮಟ್ಟಗಳಿದ್ದವು, ಸೆಕ್ರೆಟರಿ ಎಲ್ಲಕ್ಕಿಂತ ಜೋರಾದ ಮೂರನೆಯದಕ್ಕೇ ಇಟ್ಟಿದ್ದರು. ಮಾವ ಅದನ್ನು ಮುಟ್ಟಲಿಲ್ಲ. ನಾನು ಹಾಲು ಕಾಯಿಸಿ ಈಚೆ ಬರುವಷ್ಟರಲ್ಲಿ ಬೆಲ್ಟು ಮಾವನ ಕೊರಳಲ್ಲಿತ್ತು. ನಾಯಿಯ ಅಳತೆಯ ಬೆಲ್ಟು ಅವರ ಕೊರಳಿಗೆ ಸಾಲದೆ, ಹಿಂದೆ ಒಂದು ತುಂಡು ದಾರ ಸೇರಿಸಿ ಗಂಟು ಹಾಕಿಕೊಂಡಿದ್ದರು.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ಮೇಲಿಂದ ಕೆಳಗೆ ನೋಡಿದರು. "ಒಪ್ಪುತ್ತೆ ಕಣ್ರೀ ನಿಮಗೆ. ಸರಪಳಿ ಒಂದು ಕಮ್ಮಿ."

"ಲೇ, ನಗಾಡ್ಬೇಡ, ಇದೇನು ದೊಡ್ಡ—"

ಮಾತು ಅಲ್ಲಿಗೇ ನಿಂತಿತು. ಗದ್ದ ಮೇಲೆ ಹಾರಿತು, ಎರಡೂ ಭುಜ ಕಿವಿಗೆ ತಾಗಿದವು. ಮೂಲೆಯಲ್ಲಿದ್ದ ವಾಷರ್ ಎದ್ದು ಕೂತು ಆಸಕ್ತಿಯಿಂದ ನೋಡಿತು.

"ಏನಾಯ್ತು?" ಅತ್ತೆ.

"ಏನೂ ಆಗ್ಲಿಲ್—" ಎನ್ನುತ್ತಿದ್ದಂತೆ ಮತ್ತೆ ಗದ್ದ ಹಾರಿತು.

ಅತ್ತೆಯ ಮುಖದಲ್ಲಿ ನಾನು ಎಂದೂ ಕಾಣದ ಒಂದು ಬೆಳಕು ಬಂತು. ಕುರ್ಚಿ ಎಳೆದು ಮಾವನ ಎದುರಿಗೆ ಕೂತರು. "ಏನ್ರೀ, ಹೊಸದಾಗಿ ಮದುವೆಯಾದಾಗ ನಮ್ಮಣ್ಣನ ಸೈಕಲ್ ಕಳೆದುಹೋಯ್ತಲ್ಲ, ಅದನ್ನ ಯಾರು ತಗೊಂಡು ಹೋಗಿ ಕೆರೆಗೆ ಬಿಟ್ಟಿದ್ದು?"

ಮಾವ ಬಾಯಿ ತೆರೆದರು, ಮುಚ್ಚಿದರು.

"ಮೌನವೇ ಸಮ್ಮತಿ," ಎಂದರು ಅತ್ತೆ. "ಆಮೇಲೆ, ನಾನು ಮಾಡಿದ ಕೈಚೀಲ ಚೆನ್ನಾಗಿದೆ ಅಂತ ಹೇಳಿ ಅದರಲ್ಲಿ ಸ್ಪ್ಯಾನರ್ ತುಂಬಿದ್ದು ಯಾಕೆ?"

ಮಾವ ಸಿಟ್ಟಿನಿಂದ ಅಂಗಡಿಯ ಹಳೆಯ ಬಿಲ್ಲಿನ ಬೆನ್ನಿಗೆ ಬರೆದು ತೋರಿಸಿದರು: "ಇದು ಮೌನ ಅಲ್ಲ, ಬೆಲ್ಟು." ಅತ್ತೆ ಅದನ್ನು ಮಡಿಚಿ ಸೆರಗಿಗೆ ಸಿಕ್ಕಿಸಿಕೊಂಡರು. ನಲವತ್ತು ವರ್ಷದ ಪ್ರಶ್ನೆಗಳೆಲ್ಲ ಒಂದು ಗಂಟೆಯೊಳಗೆ ಇತ್ಯರ್ಥವಾದವು. ನಾನು ಅಡುಗೆಮನೆಯ ಬಾಗಿಲಿಗೆ ಒರಗಿ, ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡಿದ್ದೆ. ಮಾವನೂ ಒಳಗೊಳಗೇ ನಗುತ್ತಿದ್ದರು, ಸದ್ದಿಲ್ಲದೆ. ಬೆಲ್ಟು ಕೆಲಸ ಮಾಡುತ್ತದೆ ಎಂದು ಮನೆಯವರಿಗೆಲ್ಲ ಖಾತ್ರಿಯಾಗಿತ್ತು.

ಆಗ ಪುಟ್ಟಿ ಎದ್ದು ಬಂದಳು, ಕೈಯಲ್ಲಿ ಬಟ್ಟೆಯ ಆನೆ. ಬೆಳಿಗ್ಗೆ ಎದ್ದ ಕೂಡಲೇ ಆನೆಯನ್ನು ತಾತನ ಮಂಡಿಯ ಮೇಲೆ ಹತ್ತಿಸುವುದು ಅವಳ ದಿನಚರಿ. ಆನೆ ಹತ್ತಿದೊಡನೆ ತಾತ ಘೀಳಿಡಬೇಕು.

ಹತ್ತಿಸಿದಳು. ಅಭ್ಯಾಸಬಲ, ಮಾವ ಮರೆತೇ ಘೀಳಿಟ್ಟರು. ಗದ್ದ ಹಾರಿತು. ಪುಟ್ಟಿ ಕಿಲಕಿಲ ನಕ್ಕಳು, ಇದೊಂದು ಹೊಸ ಆಟವೆಂದುಕೊಂಡು ಮತ್ತೆ ಹತ್ತಿಸಿದಳು. ಈ ಸಲ ಮಾವ ಸಣ್ಣಗೆ ಘೀಳಿಟ್ಟರು, ಅವರ ಸಣ್ಣದು ಎಷ್ಟು ಸಣ್ಣದು? ಮತ್ತೆ ಶಾಕ್. ಮೂರನೆಯ ಸಲ ಬೇಡ ಎನ್ನಲು ಹೋಗಿ ಆ "ಬೇಡ"ಕ್ಕೂ ಒಂದು ಶಾಕ್ ತಿಂದರು. ಪುಟ್ಟಿ ಆನೆಯನ್ನು ಎತ್ತಿಕೊಂಡು ಬಾಗಿಲ ತನಕ ಓಡಿ, ಅಲ್ಲಿಂದ ತಿರುಗಿ, "ತಾತಾ!" ಎಂದು ಓಡಿಬಂದಳು.

ಮಾವ ಕಾಲನ್ನು ಹಿಂದಕ್ಕೆಳೆದುಕೊಂಡರು. ಒಂದು ಕೈ ಮುಂದೆ ಬಂತು. ಅವಳನ್ನು ಎತ್ತಿಕೊಳ್ಳುವುದಕ್ಕಲ್ಲ, ತಡೆಯುವುದಕ್ಕೆ. ಅಂಗೈ ಮಗುವಿನ ಎದೆಗೆ ತಾಗಿತು. ಪುಟ್ಟಿ ಹಿಂದಕ್ಕೆ ಕೂತುಬಿಟ್ಟಳು. ಕೆಳದುಟಿ ನಿಧಾನವಾಗಿ ಹೊರಳಿತು.

ಮಾವ ತಮ್ಮ ಕೈಯನ್ನೇ ನೋಡುತ್ತಿದ್ದರು. ಆಮೇಲೆ ಹಿಂದಿನ ದಾರವನ್ನು ಹುಡುಕಿ ಕಿತ್ತು ಬೆಲ್ಟನ್ನು ಮೇಜಿನ ಮೇಲಿಟ್ಟರು. ಕೊರಳಲ್ಲಿ ಎರಡು ಕೆಂಪು ಚುಕ್ಕೆ. ಮಗುವನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡರು.

"ನೋವೇನಿಲ್ಲ ಕಣಮ್ಮ," ಎಂದರು ನನಗೆ. "ಇದಕ್ಕಿಂತ ದೊಡ್ಡದನ್ನ ದಿನಾ ತಿಂದೋನು ನಾನು. ಯಾಕೆ ಹೊಡೀತು ಅಂತಾನೂ ಗೊತ್ತು, ನಾನೇ ಬಿಚ್ಚಿ ನೋಡಿದ್ದೀನಿ. ತಲೆಗೆ ಗೊತ್ತು, ಕೈಗೆ ಗೊತ್ತಾಗ್ಲಿಲ್ಲ ನೋಡು. ಕೈ ಮಗೂನ ತಳ್ತು. ಬಿಚ್ಚಿ ನೋಡೋಕೂ ಬರದ ಪ್ರಾಣಿ ಏನು ತಿಳ್ಕೊಳುತ್ತೆ ಹೇಳು?"

ನನ್ನ ನಗು ಎಲ್ಲಿಗೆ ಹೋಯಿತೋ. ವಾಷರ್ ದಿನಾ ಮಲಗುವುದು ಪುಟ್ಟಿಯ ಪಕ್ಕದಲ್ಲಿ, ಮೂತಿ ಅವಳ ಕಿವಿಯ ಹತ್ತಿರ. ಮೆಟ್ಟಿಲ ಸದ್ದಿಗೆ ಬೊಗಳಿ ಕಣ್ಣು ಬಿಟ್ಟಾಗ ಮೊದಲು ಕಾಣುವುದು ಅವಳನ್ನು. ಹೊಡೆತದ ಮೇಲೆ ವಿಳಾಸ ಬರೆದಿರುವುದಿಲ್ಲ, ಎದುರಿಗೆ ಯಾರಿದ್ದರೋ ಅವರಿಗೇ ಅದು ಜಮೆ. ಬೆಲ್ಟಿನ ಪಕ್ಷದವಳು ನಾನೇ ಅದನ್ನು ಎತ್ತಿ ಕಪಾಟಿನ ಮೇಲಿನ ಹಲಗೆಯಲ್ಲಿಟ್ಟೆ.

ಬೇಡ ಎನ್ನುವುದು ಸುಲಭ. ಬೊಗಳುವುದು ನಿಲ್ಲಬೇಕಲ್ಲ, ಉಳಿದಿರುವುದು ಹದಿನಾಲ್ಕು ದಿನ. ನಾನು ಹೇಳಿದೆ: "ಹೆಜ್ಜೆ ಸದ್ದು ಅಂದ್ರೆ ಕಳ್ಳ ಅಂತ ಅದರ ಲೆಕ್ಕ. ಹೆಜ್ಜೆ ಸದ್ದು ಅಂದ್ರೆ ಬ್ರೆಡ್ಡು ಅಂತ ಮಾಡಿದ್ರೆ?"

"ಆಮೇಲೆ ಕಳ್ಳನೇ ಬಂದ್ರೂ ಬ್ರೆಡ್ ಕೇಳ್ಕೊಂಡು ಕೂರುತ್ತೆ," ಎಂದರು ಅತ್ತೆ.

"ನಮ್ಮನೇಲಿ ಕದಿಯೋಕೆ ಏನಿದೆ ಅತ್ತೆ?"

"ಸುಟ್ಟ ಮೋಟಾರ್ ಇದೆಯಲ್ಲ, ಬೇಕಾದಷ್ಟು. ಒಯ್ಯಲಿ, ಮನೆ ಖಾಲಿಯಾಗುತ್ತೆ."

ಪುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಮೆಟ್ಟಿಲು ಹತ್ತಿ ಇಳಿಯುವ ಕೆಲಸ ನನ್ನದು. ಬ್ರೆಡ್ಡಿನ ಚೂರುಗಳ ಬಟ್ಟಲು ಹಿಡಿದು ಬಾಗಿಲ ಬಳಿ ಕೂರುವುದು ಅತ್ತೆಯದು. ಮೂರು ದಿನ ಹೀಗೇ ಮಾಡಿದೆವು, ವಾಷರ್ ಮೊದಲಿಗಿಂತ ಎರಡರಷ್ಟು ಬೊಗಳತೊಡಗಿತು. ಮಾವ ಪಕ್ಕದಲ್ಲಿ ಕೂತು ನೋಡಿ ಕಂಡುಹಿಡಿದರು. ಅದು ಬೊಗಳುತ್ತಿತ್ತು, ಅತ್ತೆ ಗಾಬರಿಯಲ್ಲಿ ಬ್ರೆಡ್ ಕೊಡುತ್ತಿದ್ದರು. ಬೊಗಳಿದರೆ ಮುದುಕಿ ಬ್ರೆಡ್ ಕೊಡುತ್ತಾಳೆಂದು ಅದು ಪಾಠ ಕಲಿತಿತ್ತು.

"ಇಲ್ಲಿ ಯಾರು ಯಾರನ್ನ ಪಳಗಿಸ್ತಿದ್ದೀರಿ?" ಎಂದು ಗುಡುಗಿದರು. "ಫ್ಯೂಸ್ ಹೋದ ಮೇಲೆ ಸ್ವಿಚ್ ಆರಿಸಿ ಏನು ಬಂತು? ಸದ್ದು ಕೇಳಿತು, ಕಿವಿ ಎದ್ದಿತು, ಆಗ್ಲೇ ಕೊಡು. ಬಾಯಿ ತೆಗೆಯೋಕೆ ಮುಂಚೆ."

ಮತ್ತೆ ಮೊದಲಿಂದ ಶುರು. ಮೊದಲು ನೆಲಮಹಡಿಯಲ್ಲಿ ಮೆಲ್ಲಗೆ ನಾಲ್ಕು ಹೆಜ್ಜೆ, ನಾಳೆ ಒಂದನೆಯ ಮಹಡಿ, ನಾಡಿದ್ದು ಎರಡನೆಯದು. ಎಷ್ಟು ಹತ್ತಿದೆನೋ ಲೆಕ್ಕವಿಲ್ಲ. ಕೆಳಮನೆಯಾಕೆ ಬಾಗಿಲು ತೆರೆದು, "ಏನು ಅಕ್ಕ, ಏನಾದ್ರೂ ಕಳೆದುಹೋಯ್ತಾ?" ಎಂದು ಕೇಳಿದಳು. ಹೆರಿಗೆಯಾದಾಗಿನಿಂದ ಕರಗದ ನನ್ನ ಮೈಯಲ್ಲಿ ಎರಡು ಕಿಲೋ ಇಳಿಯಿತು. ಅದಷ್ಟೂ ವಾಷರ್ ಮೈಗೆ ಹೋಯಿತು. ಹತ್ತನೆಯ ದಿನ ಅಂಚೆಯವನ ಹೆಜ್ಜೆಗೆ ಅದು ಕಿವಿ ಎತ್ತಿತು, ಬೊಗಳಲಿಲ್ಲ, ತಿರುಗಿ ಅತ್ತೆಯ ಕೈ ನೋಡಿತು. ಅತ್ತೆ ಕಣ್ಣೊರೆಸಿಕೊಂಡರು, ಕಣ್ಣಿಗೆ ಬ್ರೆಡ್ಡಿನ ಪುಡಿ ಬಿತ್ತೆಂದರು.

ಹದಿನೈದನೆಯ ದಿನ ಮಧ್ಯಾಹ್ನ ಸೆಕ್ರೆಟರಿ ಬಂದರು. ಬೇಕೆಂದೇ ಬೂಟು ಹಾಕಿಕೊಂಡು, ಮೆಟ್ಟಿಲು ಬಿರಿಯುವಂತೆ ಕಾಲು ಅಪ್ಪಳಿಸುತ್ತಾ ಬಂದರು. ವಾಷರ್ ಎದ್ದಿತು, ಬಾಗಿಲು ನೋಡಿತು, ಅತ್ತೆಯನ್ನು ನೋಡಿತು, ಚೂರು ತಿಂದಿತು. ಬಾಗಿಲು ತೆರೆಯಿತು. ಎದುರಿಗೆ ಬೂಟು ಕಂಡದ್ದೇ ತಡ, "ಭೌ" ಎಂದಿತು. ಒಂದೇ ಒಂದು.

ಸೆಕ್ರೆಟರಿಯ ಬೆರಳು ಮೇಲೆದ್ದಿತು. "ಬೊಗಳ್ತು!"

"ಕೆಮ್ಮು," ಎಂದರು ಅತ್ತೆ.

"ಬೆಲ್ಟು ಯಾಕೆ ಹಾಕಿಲ್ಲ? ನಾನು ಕೊಟ್ಟಿದ್ದೆನಲ್ಲ?"

ಮಾವ ಕಪಾಟಿನಿಂದ ಬೆಲ್ಟು ಇಳಿಸಿ ತಂದರು. "ನಾನು ಹಾಕ್ಕೊಂಡು ನೋಡ್ದೆ. ಚೆನ್ನಾಗೇ ಕೆಲಸ ಮಾಡುತ್ತೆ. ನೀವು ನೋಡಿದ್ದೀರಾ?"

"ನಾಯಿಗೆ ಹಾಕೋದನ್ನ ನಾನ್ಯಾಕ್ರೀ ಹಾಕ್ಕೊಳ್ಲಿ?"

"ಸೊಳ್ಳೆ ಕಡಿದಂಗೆ ಅಂದಿದ್ರಲ್ಲ."

ಅಷ್ಟು ಹೊತ್ತಿಗೆ ಕೆಳಮನೆಯಾಕೆಯೂ ಮೆಟ್ಟಿಲು ಹತ್ತಿ ಬಂದು ನಿಂತಿದ್ದಳು. ಹೆಂಗಸರ ಮುಂದೆ ಸೊಳ್ಳೆಗೆ ಹೆದರುವ ಗಂಡಸೇ? ಸೆಕ್ರೆಟರಿ ಕೊರಳು ಮುಂದೆ ಮಾಡಿದರು. ಮಾವ ಬಹಳ ಮರ್ಯಾದೆಯಿಂದ ಬೆಲ್ಟು ಕಟ್ಟಿ, ದಾರ ಸೇರಿಸಿ ಗಂಟು ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

"ಈಗ ಹೇಳಿ ಸಾರ್. ಜೋರಾಗಿ ಹೇಳಿ, ಎಲ್ಲರಿಗೂ ಕೇಳ್ಲಿ. ನಾಯಿ ಇರ್ಬೇಕಾ, ಹೋಗ್ಬೇಕಾ?"

"ನೋಡಿ, ನಿಯಮ ಅಂದ್ರೆ—" ಎಂದರು. ಗದ್ದ ಹಾರಿತು. ಎತ್ತಿದ್ದ ಬೆರಳು ಮಡಿಚಿಕೊಂಡಿತು. ಸ್ವಲ್ಪ ಹೊತ್ತು ಎಲ್ಲರ ಮುಖವನ್ನೂ ನೋಡಿದರು. ಮತ್ತೆ ಬಾಯಿ ತೆರೆದು, ಗಾಳಿ ಒಳಗೆಳೆದುಕೊಂಡು, ಮುಚ್ಚಿದರು.

ಕೆಳಮನೆಯಾಕೆ ಅವರ ಮೇಲೆ ಕರುಣೆಯಿಂದಲೋ ಏನೋ, "ನಾಲ್ಕು ದಿನದಿಂದ ನನಗೆ ಎರಡೇ ಸಲ ಕೇಳ್ಸಿದ್ದು ಸಾರ್. ನನ್ನ ಮಟ್ಟಿಗೆ ಸಾಕು. ಇರ್ಲಿ ಬಿಡಿ," ಎಂದಳು.

ಸೆಕ್ರೆಟರಿ ತಲೆಯಾಡಿಸಿದರು. ಮಾವ ಕೂಡಲೇ ಗಂಟು ಬಿಚ್ಚಿದರು. ಆ ಸಮ್ಮತಿ ಬೆಲ್ಟಿನದಾಗಬಾರದೆಂದು, ಬಿಚ್ಚಿದ ಮೇಲೆ ಮತ್ತೊಮ್ಮೆ ಕೇಳಿದರು: "ಈಗ ಆರಾಮಾಗಿ ಹೇಳಿ."

"ಇರ್ಲಿ," ಎಂದರು ಸೆಕ್ರೆಟರಿ. ಕೊರಳನ್ನು ಬೆರಳಲ್ಲಿ ತಡವಿಕೊಳ್ಳುತ್ತಾ ಅಲ್ಲೇ ನಿಂತರು. ಬೆಲ್ಟಿನ ಡಬ್ಬಿಯನ್ನು ಕಣ್ಣ ಹತ್ತಿರ ಹಿಡಿದು, ಅದು ಯಾವ ಮಟ್ಟದಲ್ಲಿದೆಯೆಂದು ನೋಡಿದರು. ನಂತರ ಬಟ್ಟಲು ಹಿಡಿದಿದ್ದ ಅತ್ತೆಯ ಕಡೆ ತಿರುಗಿ, ಮಗುವಿಗೆ ಔಷಧದ ಪ್ರಮಾಣ ಕೇಳುವವರಂತೆ ಕೇಳಿದರು: "ನಮ್ಮ ನಾಯಿಗೆ... ಬ್ರೆಡ್ ಚೂರು ಎಷ್ಟು ದೊಡ್ಡದಿರ್ಬೇಕು?"

ಅತ್ತೆ ಬಟ್ಟಲನ್ನೇ ಅವರ ಕೈಗಿತ್ತರು. "ಮೊದಲ ಮೂರು ದಿನ ಇನ್ನೂ ಜಾಸ್ತಿ ಬೊಗಳುತ್ತೆ, ಹೆದರ್ಬೇಡಿ. ನಾವ್ಯಾರೂ ದೂರು ಕೊಡಲ್ಲ."