ತಟ್ಟೆ ತಿರುಗಿಸಿದ ಶಾಂತಿ

ತಿ. ನರಸೀಪುರದ ಸಂತೆಯಲ್ಲಿ ತರಕಾರಿ ಮಾರುವ ಪುಟ್ಟಗೌರಮ್ಮ ಅಂದರೆ ತೂಕಕ್ಕೆ ಹೆಸರುವಾಸಿ. ಗುಲಗಂಜಿಯಷ್ಟೂ ಕಮ್ಮಿ ಇಲ್ಲ, ಹಾಗಂತ ಮೇಲೊಂದು ಟೊಮೇಟೊ ಕೊಸರೂ ಇಲ್ಲ. “ತೂಕ ಸರಿ ಐತಲ್ಲ, ಕೊಸರ್ಯಾಕೆ?” ಅನ್ನೋಳು. ಮಗಳು ಶಾಂತಿ ಬೆಳೆದದ್ದೇ ಆ ತಕ್ಕಡಿ ಹಿಡಿದು. ಎಡತಟ್ಟೆಗೆ ತೂಕದ ಕಲ್ಲು, ಬಲತಟ್ಟೆಗೆ ತರಕಾರಿ. “ತಟ್ಟೆ ಅದಲುಬದಲು ಮಾಡೋರು ಕಳ್ರು ಕಣವ್ವ” ಅಂತ ಅವ್ವ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಳು.

ಈ ಪಾಠವೇ ಸಿಇಟಿಯಲ್ಲಿ ಅವಳ ಕಾಲಿಗೆ ತೊಡರಿಕೊಂಡಿತು ನೋಡಿ! ಅಸಮತೆಯ ಲೆಕ್ಕದಲ್ಲಿ ಮೈನಸ್ ಸಂಖ್ಯೆಯಿಂದ ಭಾಗಿಸಿದರೆ ‘ಹೆಚ್ಚು’ ಅನ್ನೋ ಚಿಹ್ನೆ ತಿರುಗಿ ‘ಕಡಿಮೆ’ ಆಗಬೇಕು. ನಿಯಮ ಬಾಯಿಪಾಠವಾಗಿತ್ತು. ಆದರೆ ತಿರುಗಿಸಲು ಕೈ ಬರಬೇಕಲ್ಲ? ಏನೋ ಕದ್ದಂಗೆ ಹೆದರೋದು. ತೊಂಬತ್ತೇಳನೇ ಇಸವಿಯ ಪರೀಕ್ಷೆಯಲ್ಲಿ ಇಂಥ ನಾಲ್ಕು ಲೆಕ್ಕ ತಪ್ಪಿ, ಇಂಜಿನಿಯರಿಂಗ್ ಸೀಟು ಕೂದಲೆಳೆಯಲ್ಲಿ ಕೈತಪ್ಪಿತು.

“ಇನ್ನೊಂದ್ಸಲ ಬರಿ. ಆಗ್ಲಿಲ್ಲ ಅಂದ್ರೆ ಈ ತಕ್ಕಡಿನೇ ನಿನ್ಗೆ” ಅಂದಳು ಅವ್ವ. “ಅದ್ಯಾವ ಲೆಕ್ಕವ್ವ, ನಿಂಗೆ ಬರ್ದಿರೋದು?”

“ಎರಡೂ ಕಡೆ ಸಮ ಇಲ್ದಿರೋ ಲೆಕ್ಕ.”

“ಥೂ, ಅದೂ ಒಂದ್ ಲೆಕ್ಕವಾ!”

ಒಂದು ಸಂತೆಯ ದಿನ ಜಗಳಗಂಟ ಕಲ್ಲಯ್ಯ, “ನಿನ್ ತಕ್ಕಡಿ ವಾಲ್ತದೆ” ಅಂತ ಬಾಯಿ ಮಾಡಿದ. ಪುಟ್ಟಗೌರಮ್ಮನಿಗೆ ಪಿತ್ತ ನೆತ್ತಿಗೇರಿತು. ಕಲ್ಲಿದ್ದ ಕಡೆ ಬದನೆಕಾಯಿ ಸುರಿದು, ಬದನೆಕಾಯಿ ಇದ್ದ ಕಡೆ ಕಲ್ಲಿಟ್ಟು ಎತ್ತಿ ಹಿಡಿದಳು. ಮುಳ್ಳು ನಟ್ಟನಡುವೆ ನಿಂತಿತು.

“ನೋಡ್ಕೊ! ಕಳ್ ತಕ್ಕಡಿ ಆಗಿದ್ರೆ ಈಗ ಸಿಕ್ಕಾಕ್ಕೊತಿತ್ತು!”

ಪಕ್ಕದಲ್ಲೇ ಇದ್ದ ಶಾಂತಿಗೆ ತಟ್ಟನೆ ಹೊಳೆಯಿತು. ಅಯ್ಯೋ ಶಿವನೇ, ತಿರುಗಿಸೋದು ಮೋಸವಲ್ಲ, ಮೋಸ ಹಿಡಿಯೋ ದಾರಿ! ಅವತ್ತಿನಿಂದ ಮೈನಸ್ ಕಂಡರೆ ಚಿಹ್ನೆ ತಿರುಗಿಸೋಳು, ಆಮೇಲೆ ಒಂದು ಸಂಖ್ಯೆ ಹಾಕಿ ತೂಗಿ ನೋಡೋಳು.

ಮರುವರ್ಷದ ಪರೀಕ್ಷೆಯಲ್ಲಿ ಅದೇ ಲೆಕ್ಕ ಎದುರಾಯಿತು. ಐದರಲ್ಲಿ ಎರಡು ಎಕ್ಸ್ ಕಳೆದರೆ ಹನ್ನೊಂದಕ್ಕಿಂತ ಹೆಚ್ಚು. ಹಾಗಾದರೆ ಎಕ್ಸ್ ಮೈನಸ್ ಮೂರಕ್ಕಿಂತ ಹೆಚ್ಚೋ, ಕಡಿಮೆಯೋ? ಎರಡು ಉತ್ತರವೂ ಅಕ್ಕಪಕ್ಕ ಹಲ್ಲು ಕಿರಿಯುತ್ತಿದ್ದವು. ಶಾಂತಿ ಚಿಹ್ನೆ ತಿರುಗಿಸಿದಳು: ಕಡಿಮೆ. ಮೈನಸ್ ನಾಲ್ಕು ಹಾಕಿ ತೂಗಿದಳು, ಹದಿಮೂರು ಬಂತು. ಸೊನ್ನೆ ಹಾಕಿದಳು, ಬರೀ ಐದು. ‘ಸಿಕ್ಕಾಕ್ಕೊಂಡ್ಯಾ ಕಳ್ಳ!’ ಅಂತ ಮನಸ್ಸಲ್ಲೇ ನಕ್ಕು ಸರಿಯುತ್ತರ ಗುರುತು ಹಾಕಿದಳು. ಅಂಥವು ಇನ್ನೂ ಮೂರು ಬಂದವು, ಒಂದನ್ನೂ ಬಿಡಲಿಲ್ಲ.

ಮೈಸೂರಿನಲ್ಲೇ ಫ್ರೀ ಸೀಟು ಸಿಕ್ಕಿತು. ಸುದ್ದಿ ಬಂದದ್ದು ಸಂತೆಯ ದಿನ. ಪುಟ್ಟಗೌರಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡು, ಕಲ್ಲಯ್ಯನಿಗೆ ಒಂದು ಕೆ.ಜಿ. ಟೊಮೇಟೊ ತೂಗಿ, ಮೇಲೆ ಬೊಗಸೆ ತುಂಬ ಕೊಸರು ಸುರಿದಳು. ತಟ್ಟೆ ದಡಕ್ಕನೆ ನೆಲ ಮುಟ್ಟಿತು.

ಕಲ್ಲಯ್ಯ ಗಾಬರಿಯಾದ. “ಏನಮ್ಮಿ ಇದು, ಎರಡೂ ಕಡೆ ಸಮ ಇಲ್ವಲ್ಲ!”

“ಇಲ್ದಿದ್ರೆ ಇಲ್ದಿರ್ಲಿ ಬಿಡು” ಅಂದಳು ಪುಟ್ಟಗೌರಮ್ಮ. “ನನ್ ಮಗಳು ಆ ಲೆಕ್ಕದಲ್ಲೇ ಗೆದ್ದಿರೋದು.”